ನಮ್ಮ ಬಾವಿಯ ಗಂಡುಮರಿಗಳು

ಮಾರ್ಚ್ 4, ಸೋಮವಾರ

ಮತ್ತೆ ಗಂಡು. ಅದೂ ಒಳ್ಳೆ ನೀರಿನ ಜಾಡಿಯಲ್ಲೇ.

ಬೆಳಿಗ್ಗೆ ಲ್ಯಾಬಿನಲ್ಲಿ ಎಂದಿನಂತೆ ನೀರುಚಿಗಟಗಳಿಗೆ, ಅಂದರೆ ನೀರಿನಲ್ಲಿ ಚಿಗಟದಂತೆ ಜಿಗಿಯುವ ಡಾಫ್ನಿಯಾ ಹುಳಗಳಿಗೆ, ಪಾಚಿನೀರು ಹನಿಸಿದೆ. ಹೊಸ ಮರಿಗಳನ್ನು ಪಿಪೆಟ್‌ನಲ್ಲಿ ಹೀರಿ ತಟ್ಟೆಗೆ ಬಿಟ್ಟೆ. ಸಾಸಿವೆ ಕಾಳಿಗಿಂತ ಚಿಕ್ಕವು. ಮೇಡಂ ಕೈಕೆಳಗೆ ಸಂಶೋಧನೆ ಮಾಡುವ ಕನ್ನಡಕದಣ್ಣ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದವನು ತಲೆ ಎತ್ತದೆ, "ಮೇಡಂ, ಸಿಹಿ ಹಂಚಿ. ಗಂಡು ಮಗು" ಅಂದ. ಮೇಡಂ ನಗಲಿಲ್ಲ.

ಇವು ಹೊಟ್ಟೆ ತುಂಬಿ ನೆಮ್ಮದಿಯಾಗಿದ್ದರೆ ಬರೀ ಹೆಣ್ಣನ್ನೇ ಹೆರುತ್ತವೆ, ಗಂಡಿನ ಹಂಗೇ ಬೇಕಿಲ್ಲ. ಹೊಟ್ಟೆ ತುಂಬಿದ್ದೂ ಗಂಡು ಹುಟ್ಟಿತೋ, ನೀರಿನಲ್ಲಿ ಏನೋ ಸೇರಿ ಅವುಗಳ ಹಾರ್ಮೋನು ಕೆಡಿಸುತ್ತಿದೆ ಅಂತ ಅರ್ಥ. ಕೀಟನಾಶಕ ಕಾರ್ಖಾನೆಯ ಕೆಳಗಿನ ಹೊಳೆನೀರಿನಲ್ಲಿ ಗಂಡು ಹುಟ್ಟುತ್ತಿವೆ. ಸರಿ, ಅದನ್ನು ಹಿಡಿಯುವುದಕ್ಕೇ ನಾವಿರುವುದು. ಆದರೆ ಹೋಲಿಸಿ ನೋಡಲು ಇಟ್ಟ ಒಳ್ಳೆ ನೀರಿನಲ್ಲೂ ಹುಟ್ಟಿದರೆ?

ಒಳ್ಳೆ ನೀರು ಅಂದರೆ ನಮ್ಮ ಮನೆ ಬಾವಿಯದು. ನಲ್ಲಿ ನೀರಿನ ಕ್ಲೋರಿನ್ನಿಗೆ ಇವು ಸಾಯುತ್ತವೆ ಅಂತ ಮೇಡಂ ಊರಿನ ಬಾವಿಗಳನ್ನೆಲ್ಲ ಜಾಲಾಡಿ ನಮ್ಮದನ್ನು ಆರಿಸಿದ್ದು. ಕ್ಯಾನು ಹೊರುವವಳು ನಾನು.

"ಜಾಡಿ ಸೋಪಲ್ಲಿ ತೊಳೆದ್ಯಾ?"

"ಇಲ್ಲ ಮೇಡಂ."

"ಕೈಗೆ ಕ್ರೀಮು, ಗೀಮು?"

ತಲೆ ಅಲ್ಲಾಡಿಸಿದೆ. ಬರೀ ನೀರಲ್ಲೇ ತೊಳೆದದ್ದು ಅಂತ ಹೇಳಬೇಕಿತ್ತು. ಮೇಡಂ ಮುಂದೆ ನನಗೆ ಮಾತೇ ಹೊರಡುವುದಿಲ್ಲ; ಜಾಡಿ ಎತ್ತಿಕೊಂಡು ಮತ್ತೆ ತೊಳೆಯಲು ಹೋದೆ.

ಮಾರ್ಚ್ 7, ಗುರುವಾರ

ಜಾಡಿಗಳನ್ನೆಲ್ಲ ಕುದಿಸಿದ್ದಾಯಿತು. ಹೊಸ ಪಿಪೆಟ್ ಆಯಿತು. ಕಪಾಟು ಒರೆಸಿದ್ದಾಯಿತು. ನನ್ನ ಉಗುರು ಬುಡದವರೆಗೆ ಕತ್ತರಿಸಿದ್ದೂ ಆಯಿತು. ಫಲ — ಗಂಡು, ಗಂಡು, ಗಂಡು.

ಇಷ್ಟು ಸಣ್ಣ ಪ್ರಾಣಿಗೆ ಇಷ್ಟೊಂದು ಹಟ!

ಮನೆಗೆ ಬಂದರೆ ಅಮ್ಮನದು ಬೇರೆ ರಾಗ. ಪಕ್ಕದ ಮನೆ ಅತ್ತೆ ಕೊಡ ತುಂಬಿಸುತ್ತಿದ್ದಳು. ಅಮ್ಮ ಅವಳಿಗೆ, "ನಿಧಾನ ಕಣೇ, ಇದು ಸೈನ್ಸಿಗೆ ಹೋಗೋ ನೀರು" ಅನ್ನುತ್ತಿದ್ದಳು. ಅತ್ತೆ, "ಹಾಗಾದ್ರೆ ನಮಗೂ ಸ್ವಲ್ಪ ಬುದ್ಧಿ ಬರ್ಲಿ ಬಿಡು" ಅಂತ ಇನ್ನೊಂದು ಕೊಡ ಇಟ್ಟಳು. ಇಬ್ಬರೂ ನಕ್ಕರು. ನನಗೆ ಮೈ ಉರಿಯಿತು.

ಮಾರ್ಚ್ 12, ಮಂಗಳವಾರ

ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಕ್ಯಾನು ತುಂಬಲು ಹಿತ್ತಿಲಿಗೆ ಹೋದೆ. ಅಮ್ಮ ಬಾವಿಕಟ್ಟೆಗೆ ಬಗ್ಗಿ ಡಬ್ಬದಿಂದ ಏನೋ ಉದುರಿಸುತ್ತಿದ್ದಳು.

"ಏನಮ್ಮ ಅದು?"

"ಸೊಳ್ಳೆಮರಿ ಪುಡಿ. ಆರೋಗ್ಯ ಇಲಾಖೆಯವನು ಕೊಟ್ಟು ಹೋಗಿದ್ದ."

"ಯಾವಾಗಿಂದ ಹಾಕ್ತಿದ್ದೀಯ?"

"ಹೋದ ತಿಂಗಳು ನಿಮ್ಮ ಮೇಡಂ ಮತ್ತೆ ಬರಬಹುದು ಅಂದ್ಯಲ್ಲ, ಆಗಿಂದ. ಓದಿದೋರು ಬಂದು ಬಗ್ಗಿ ನೋಡಿದ್ರೆ ನೀರಲ್ಲಿ ಹುಳ ಕುಣೀತಿರಬೇಕಾ? ನನ್ನ ಮಾನ ಏನಾಗ್ಬೇಕು? ಅವನು ಒಂದು ಚಮಚ ಅಂದಿದ್ದ. ನಾನೇ ಕೈಯೆತ್ತಿ ಎರಡು ಮುಷ್ಟಿ ಹಾಕ್ದೆ."

ಡಬ್ಬ ಕಿತ್ತುಕೊಂಡು ಓದಿದೆ. ಸೊಳ್ಳೆಮರಿಗಳು ಬೆಳೆದು ರೆಕ್ಕೆ ಬರದಂತೆ ತಡೆಯುತ್ತದಂತೆ. ಕುಡಿಯುವ ನೀರಿಗೂ ಹಾಕಬಹುದು, ಅಳತೆ ಮೀರಬಾರದು. ಕಾರ್ಖಾನೆಯ ಔಷಧದ ಬಗ್ಗೆ ಮೇಡಂ ಹೇಳಿದ್ದೂ ಇದೇ ಅಲ್ಲವೇ — ಹುಳವನ್ನು ಕೊಲ್ಲುವುದಿಲ್ಲ, ಹಾರ್ಮೋನಿನ ವೇಷ ಹಾಕಿ ಅದರ ಬೆಳವಣಿಗೆ ಕೆಡಿಸುತ್ತದೆ ಅಂತ.

ವಿಷಯ ಹೇಳಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಅಲ್ಲಿ ಬಾಯಿ ಬಿಟ್ರೆ ನೋಡು. ಬಾವೀಲಿ ವಿಷ ಅಂತ ಸುದ್ದಿ ಹಬ್ಬತ್ತೆ. ನಾಳೆಯಿಂದ ಈ ಬೀದೀಲಿ ಒಬ್ಬಳೂ ಕೊಡ ಹಿಡ್ಕೊಂಡು ನಮ್ಮ ಬಾಗಿಲಿಗೆ ಬರಲ್ಲ."

ಬರೀ ನೀರಲ್ಲ ಅಮ್ಮನಿಗೆ. ಅಪ್ಪ ಹೋದ ಮೇಲೆ ಅವಳ ಜೊತೆ ಮಾತಾಡುವವರೆಲ್ಲ ಆ ಕೊಡಗಳ ಹಿಂದೆಯೇ ಬರುವವರು. ನನಗೆ ಗೊತ್ತು. ಅದಕ್ಕೇ ಇನ್ನೂ ಸಿಟ್ಟು.

ಮಾರ್ಚ್ 13

ಹೇಳಲಿಲ್ಲ.

ಮಾರ್ಚ್ 19, ಮಂಗಳವಾರ

ಕಾರ್ಖಾನೆಯ ಆಫೀಸರ್ ಲ್ಯಾಬಿಗೆ ಬಂದಿದ್ದ. ಇಸ್ತ್ರಿ ಮುರಿಯದ ಶರ್ಟು. ಜಾಡಿಯ ಗಾಜು ಬೆರಳಲ್ಲಿ ತಟ್ಟಿದ. ತಟ್ಟಬೇಡಿ ಸಾರ್, ಹೆದರುತ್ತವೆ... ಅಂತ ಮನಸ್ಸಿನಲ್ಲೇ ಅಂದೆ.

"ಏನ್ ಮೇಡಂ, ನಮ್ಮ ಕೆಳಗಿನ ನೀರಲ್ಲೂ ಗಂಡು, ನಿಮ್ಮ ಒಳ್ಳೆ ಬಾವಿ ನೀರಲ್ಲೂ ಗಂಡು. ಅಂದ್ರೆ ನಮ್ಮ ಮೋರೀನೂ ನಿಮ್ಮ ಬಾವೀನೂ ಒಂದೇ ಅಂತಾಯ್ತು. ಇಲ್ಲಾ, ಈ ಹುಳಗಳಿಗೆ ತಲೆ ಕೆಟ್ಟಿದೆ."

ಮೇಡಂ ಮುಖ ಬಿಳುಚಿತು. ಶುಕ್ರವಾರ ಕಾರ್ಖಾನೆಯವರೂ ಸರ್ಕಾರದವರೂ ಸೇರುವ ಸಭೆ. ಒಳ್ಳೆ ನೀರು ಯಾಕೆ ಕೆಟ್ಟಿತು ಅಂತ ಅಷ್ಟರಲ್ಲಿ ಹೇಳಲಾಗದಿದ್ದರೆ ಈ ಪರೀಕ್ಷೆ ಬಂದ್. ಕಾರ್ಖಾನೆ ನೀರಿನಲ್ಲಿ ದೋಷವಿಲ್ಲ ಅಂತ ಬರೆದು ಮುಚ್ಚುತ್ತಾರೆ. ಕೆಳಗಿನ ಬೀದಿಯವರು ಆ ಹೊಳೆಯನ್ನೇ ಕುಡಿಯುತ್ತಾ ಇರುತ್ತಾರೆ.

ಮಾರ್ಚ್ 20, ಬುಧವಾರ

ಮೇಡಂ ಮೇಜಿನ ಹತ್ತಿರ ಹೋದೆ. ಕಸದ ಬುಟ್ಟಿ ಎತ್ತಿಕೊಂಡು ವಾಪಸ್ಸು ಬಂದೆ. ಮತ್ತೆ ಹೋದೆ. ಮತ್ತೆ ಬುಟ್ಟಿ. ಕನ್ನಡಕದಣ್ಣ, "ಏನು, ಖಾಲಿ ಬುಟ್ಟಿ ಮೇಲೆ ಇಷ್ಟು ಪ್ರೀತಿ?" ಅಂದ.

ನನ್ನ ಬಾಯಿಗಿಷ್ಟು ಬೆಂಕಿ ಹಾಕಬೇಕು.

ಮಾರ್ಚ್ 21, ಗುರುವಾರ, ಸಂಜೆ

ತಡೆಯಲಾಗಲಿಲ್ಲ. ಅಕ್ಕಿ ಆರಿಸುತ್ತಿದ್ದ ಅಮ್ಮನ ಮುಂದೆ ಕೂತು ಆಫೀಸರ್ ಅಂದದ್ದನ್ನೆಲ್ಲ ಒದರಿಬಿಟ್ಟೆ. ಬೈಗುಳ ತಿನ್ನಲು ಸಿದ್ಧಳಾಗಿದ್ದೆ. ಅಮ್ಮ ಹಿಡಿದದ್ದು ಒಂದೇ ಮಾತು.

"ಏನಂದ? ಇನ್ನೊಂದ್ಸಲ ಹೇಳು."

"ಅವರ ಮೋರೀನೂ ನಮ್ಮ ಬಾವೀನೂ ಒಂದೇ ಅಂತ."

ಮೊರ ನೆಲಕ್ಕೆ ಕುಕ್ಕಿದಳು. "ನಿಮ್ಮಪ್ಪ ಕೈಯಾರೆ ತೋಡಿದ ಬಾವಿ. ಅವನ ಮೋರಿಗೆ ಸಮಾನಾನಾ? ನೀನೇನಂದೆ?"

"ಏನೂ ಅನ್ಲಿಲ್ಲ."

"ಹೌದು ಬಿಡು, ನಿನ್ನನ್ನ ಕೇಳ್ತೀನಲ್ಲ!"

ಎದ್ದು ಹಿತ್ತಿಲಿಗೆ ಹೋದಳು. ಊಟಕ್ಕೂ ಕರೆಯಲಿಲ್ಲ. ನಾನೇ ಬಡಿಸಿಕೊಂಡೆ. ಹಿತ್ತಿಲಲ್ಲಿ ಪಕ್ಕದ ಮನೆ ಅತ್ತೆಯ ಜೊತೆ ಏನೋ ಗುಸುಗುಸು. ಅತ್ತೆಯ ದನಿ ಮಾತ್ರ ಕೇಳಿತು: "ಅಯ್ಯೋ, ಎರಡು ಮುಷ್ಟೀನಾ?" ಆಮೇಲೆ ಕೊಡ ಕಟ್ಟೆಯ ಮೇಲೆ ಇಟ್ಟ ಸದ್ದು. ತುಂಬಿಸಿದಳೋ, ಖಾಲಿ ಒಯ್ದಳೋ, ಗೊತ್ತಾಗಲಿಲ್ಲ.

ಮಾರ್ಚ್ 22, ಶುಕ್ರವಾರ, ಬೆಳಿಗ್ಗೆ

ಇವತ್ತು ಹೇಳಲೇಬೇಕು. ಸಭೆಯಲ್ಲಾಗದಿದ್ದರೆ ಅದಕ್ಕೆ ಮುಂಚೆ ಮೇಡಂಗಾದರೂ. ಏನು ಹೇಳಬೇಕು ಅಂತ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ, ಅಲ್ಲಿ ನಾಲಿಗೆ ಹೊರಳದಿದ್ದರೆ ಕಷ್ಟ.

"ಬಾವಿ ಕೆಟ್ಟಿದ್ದಲ್ಲ. ಪುಡಿ ಹಾಕಿದ್ದರಿಂದ ಹೀಗಾಯಿತು. ಬೇರೆ ಬಾವಿಯ ನೀರು ತಂದು ಮೊದಲಿಂದ ಮಾಡಿದರೆ..."

ಹಾಕಿದ್ದು ಯಾರು ಅಂತ ಕೇಳಿದರೆ? "ಮನೆಯವರು" ಅನ್ನಲೇ? ಬೇಡ. "ನಾನು" ಅಂದುಬಿಡಲೇ...

ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ. ಮದುವೆ ಮನೆಗೆ ಉಡುವ ಸೀರೆ. ಕಂಕುಳಲ್ಲಿ ಪುಡಿಯ ಡಬ್ಬ.

"ಏಳು. ನೀನು ಬಾಯಿ ತೆಗೆಯೋಷ್ಟರಲ್ಲಿ ಅವರೆಲ್ಲ ಕಾಫಿ ಕುಡಿದು ಮನೆಗೆ ಹೋಗಿರ್ತಾರೆ. ಹಾಕಿದೋಳು ನಾನು, ನಾನೇ ಹೇಳ್ತೀನಿ. ಆ ಆಫೀಸರ್ ಯಾರು ಅಂತ ನೀನು ಬೆರಳು ತೋರ್ಸು, ಸಾಕು."

ಅಮ್ಮ, ಸಭೆಯಲ್ಲಿ ಬೆರಳು ತೋರಿಸಬಾರದು ಅಂದೆ.

"ಹಾಗಾದ್ರೆ ಕಣ್ಣಲ್ಲಿ ತೋರ್ಸು. ಚಪ್ಪಲಿ ಎಲ್ಲಿ?"

ಬಸ್ಸಿಗೆ ಹೊತ್ತಾಯಿತು, ನಾನಿನ್ನೂ ತಲೆ ಕೂಡ ಬಾಚಿಲ್ಲ.