ಹತ್ತು ಸಾವಿರದಲ್ಲಿ ಒಂದು

ಗುರುವಾರ, ಹದಿನೆಂಟನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಮೂರು ಪತ್ರಕ್ಕೂ ಉತ್ತರ ಬರೆಯದೆ ಕುಳಿತಿದ್ದಕ್ಕೆ ಎಷ್ಟು ಬೇಕೋ ಅಷ್ಟು ಬೈದುಕೋ. ಭಾವನ ಮಂಡಿನೋವು ಇಳಿಯಿತೆಂದು ತಿಳಿದು ನೆಮ್ಮದಿಯಾಯಿತು.

ನಿನ್ನ ಮಗಳ ಸುದ್ದಿ ಕೇಳಿದ್ದೆಯಲ್ಲ. ನನ್ನ ಮನೆಯಲ್ಲಿದ್ದುಕೊಂಡು ನನ್ನ ಪ್ರಯೋಗಾಲಯದಲ್ಲೇ ಕೆಲಸ ಕಲಿತವಳು ಮೊನ್ನೆ ಕೊಲೆ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದಳು. ಚಾಕುವಿನ ಹಿಡಿಯಲ್ಲಿ ಮೂವರ ಡಿಎನ್‌ಎ ಬೆರೆತಿತ್ತು. ಅದನ್ನು ಬಿಡಿಸಲು ಹನ್ನೊಂದು ದಿನ ಕಣ್ಣು ಕೆಂಪಗೆ ಮಾಡಿಕೊಂಡವಳು ನಾನು. ಆದರೆ ನಮ್ಮ ಸಾಹೇಬರು, "ನೀವು ವಿವರಿಸೋಕೆ ಶುರು ಮಾಡಿದ್ರೆ ಜಡ್ಜ್ ಆಕಳಿಸ್ತಾರೆ ಮೇಡಂ. ವರದಿಗೆ ಇಬ್ಬರೂ ಸಹಿ ಮಾಡಿದ್ದೀರಲ್ಲ, ಹುಡುಗೀನೇ ಹೋಗ್ಲಿ" ಎಂದುಬಿಟ್ಟರು. ಸುಳ್ಳು ಯಾಕೆ ಹೇಳಲಿ ಅಕ್ಕ, ಹೊಟ್ಟೆ ಉರಿದುಹೋಯಿತು.

ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ. ಎಂಥ ಮಾತುಗಾತಿ ಅವಳು! ಜಡ್ಜ್ ಪೆನ್ನು ಕೆಳಗಿಟ್ಟು ಆಲಿಸಿದರು. ಕೊನೆಗೆ, "ಅಂದ್ರೆ ಇವರು ನಿರಪರಾಧಿ ಆಗಿರೋ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು" ಎಂದಳು. ನಮ್ಮ ವರದಿ ಹೇಳುವುದು ಅದಲ್ಲ. ದಾರಿಯಲ್ಲಿ ಹೋಗುವ ಯಾರನ್ನೋ ಹಿಡಿದು ಪರೀಕ್ಷಿಸಿದರೆ ಆರೋಪಿಯದರಂತೆ ಅವರ ಡಿಎನ್‌ಎಯೂ ಚಾಕುವಿನ ಮೇಲಿನದಕ್ಕೆ ಹೊಂದುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು, ಅಷ್ಟೇ. ಐದು ಲಕ್ಷ ಜನರ ಊರಿನಲ್ಲಿ ಅಂಥವರು ಐವತ್ತು ಮಂದಿ ಸಿಕ್ಕಾರು. ಕಟಕಟೆಯಲ್ಲಿದ್ದ ಆರೋಪಿ ಕಂಬಿ ಹಿಡಿದುಕೊಂಡ. ಅವನ ವಕೀಲರಿಗೂ ತಪ್ಪು ಹೊಳೆಯಲಿಲ್ಲ. ಕಾಗದ ಮಡಚಿ, "ಪ್ರಶ್ನೆ ಇಲ್ಲ" ಎಂದರು. ನಾನೂ ಬಾಯಿ ಬಿಡಲಿಲ್ಲ.

ಸಾಕ್ಷಿ ಹೇಳಿ ಮುಗಿಸಿ ಕೆಳಗಿಳಿಯಬೇಕಾದವಳು ವರದಿಯ ಮೇಲೆ ಕಣ್ಣಾಡಿಸಿ ಅಲ್ಲೇ ನಿಂತಳು. "ಕ್ಷಮಿಸಿ, ನಾನು ಹೇಳಿದ್ದು ತಪ್ಪು. ನಮ್ಮ ಹಿರಿಯರು ಬರೆದಿರೋದೇ ಸರಿ" ಎಂದು, ಆ ಐವತ್ತು ಮಂದಿಯ ಲೆಕ್ಕವನ್ನೂ ತಾನೇ ಬಿಡಿಸಿ ಹೇಳಿದಳು. ಜಡ್ಜ್, "ತಪ್ಪು ಒಪ್ಕೊಳ್ಳೋ ಸಾಕ್ಷಿ ಅಪರೂಪ" ಎಂದು ಮೆಚ್ಚಿಕೊಂಡರು. ನೋಡು, ಎಡವಿದರೂ ಹೊಗಳಿಕೆ ಅವಳಿಗೇ!

ಭಾವನಿಗೆ ನಮಸ್ಕಾರ ತಿಳಿಸು. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ. ನನಗೂ ಒಂದಿಷ್ಟು ಒಳ್ಳೆಯ ಬುದ್ಧಿ ಬರಲೆಂದು ಹರಸು.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಸಾಕ್ಷಿ ಹೇಳುವ ಹಿಂದಿನ ದಿನ ಅಡುಗೆಮನೆಯಲ್ಲಿ ಅವಳು ಎಲ್ಲವನ್ನೂ ನನ್ನೆದುರು ಒಪ್ಪಿಸಿದ್ದಳು, ಆ ತಪ್ಪು ಮಾತನ್ನೂ ಸೇರಿಸಿ. "ಸರಿ ಇದೆಯಾ ಚಿಕ್ಕಮ್ಮ?" ಎಂದಳು. ಆರೋಪಿಯ ವಕೀಲರು ಆ ತಪ್ಪು ಹಿಡಿದು ಅವಳ ಬೆವರಿಳಿಸಲಿ ಎಂದುಕೊಂಡು, ಈರುಳ್ಳಿ ಹೆಚ್ಚುತ್ತಾ, "ಚೆನ್ನಾಗಿದೆ" ಎಂದೆ. ಕಟಕಟೆಯ ಆ ಮನುಷ್ಯ ಆಗ ನೆನಪಿಗೇ ಬರಲಿಲ್ಲ. ಮೊನ್ನೆ ಕೋರ್ಟಿನಿಂದ ಮನೆಗೆ ಬಂದವಳು, "ಪಾಪ, ನಿಂಗೆ ದಣಿವಾಗಿತ್ತು, ಅದಕ್ಕೇ ಗಮನಕ್ಕೆ ಬರ್ಲಿಲ್ಲ" ಎನ್ನುತ್ತಾ ನನ್ನ ಕಾಲೊತ್ತಿದಳು.