ಕುರುಬ, ಕಟುಕ ಮತ್ತು ಏಳು ಲೋಟ

ಅಕ್ಕಾ,
ನಾವಿಲ್ಲಿ ಇರ್ತೀವೋ ಹೊರಡ್ತೀವೋ ಒಂದೂ ತಿಳೀತಿಲ್ಲ. ನಮ್ಮನೆ ಹಜಾರದಲ್ಲಿ ಅಪ್ಪ ನಡೆಸೋ ಆರಾಧನೆಗೆ ಜನ ಸೇರದಿದ್ರೆ ಮಿಷನ್‌ನವರು ಅವರನ್ನ ಬೇರೆ ಊರಿಗೆ ಹಾಕ್ತಾರಂತೆ. ಅದಕ್ಕೇ ಪೆಟ್ಟಿಗೆಗಳ ಹಗ್ಗ ಇನ್ನೂ ಬಿಚ್ಚಿಲ್ಲ.

ಇಲ್ಲಿನ ಭಾಷೇಲಿ ಕುರುಬನಿಗೂ ಕಟುಕನಿಗೂ ಒಂದು ದೀರ್ಘಾಕ್ಷರದ್ದಷ್ಟೇ ವ್ಯತ್ಯಾಸ. ಅಪ್ಪ ಮೊದಲ ಉಪದೇಶದಲ್ಲೇ ಎದೆ ತಟ್ಟಿಕೊಂಡು, "ನೀವು ಕುರಿಗಳು, ನಾನು ನಿಮ್ಮ ಕಟುಕ" ಅಂದುಬಿಟ್ರು! ಬಂದಿದ್ದ ನಾಲ್ವರೂ ಎದ್ದು ಹೋದ್ರು.

ಈ ಭಾನುವಾರ ನೋಡಿದ್ರೆ, ನಮ್ಮ ಹಜಾರದ ಬೆಂಚಲ್ಲಿ ಬೀದಿ ಕೊನೆಯ ಮಾಂಸದಂಗಡಿಯವನು, ಹೆಂಡ್ತಿ, ಐದು ಮಕ್ಕಳ ಸಮೇತ! "ಅಯ್ಯನವರೂ ನಮ್ಮ ಕಸುಬಿನವರೇ ಅಂತ ಗೊತ್ತಾಯ್ತು" ಅಂದ. ತಿದ್ದೋದೋ ಬಾಯಿ ಮುಚ್ಕೊಂಡಿರೋದೋ ತೋಚದೆ ಅಪ್ಪ ನನ್ನ ಮುಖ ನೋಡಿದ್ರು, ನಾನು ಅಮ್ಮನ ಮುಖ ನೋಡಿದೆ. ಅಮ್ಮ, "ಏಳು ಲೋಟ ಬೇಕಲ್ಲೋ" ಅಂತ ಪೆಟ್ಟಿಗೆಯ ಹಗ್ಗಕ್ಕೆ ಕೈ ಹಾಕಿದ್ಲು.

ನನ್ನ ಕೆಮ್ಮು ವಾಸಿ. ಸದ್ಯಕ್ಕೆ ಈ ವಿಳಾಸಕ್ಕೇ ಬರಿ.
ನಿನ್ನ ತಮ್ಮ