ಸಂಬಳದ ಸಭೆಯ ಮಾರನೆಯ ದಿನ

ಪ್ರೀತಿಯ ಅಕ್ಕನಿಗೆ,

ನಿನ್ನೆ ಸಭೆ ಮುಗಿದ ಮೇಲೆ ನೀವು ನನಗಾಗಿ ಕಾಯದೆ ಹೊರಟುಹೋದಿರಿ. ಅದಕ್ಕೇ ಈ ಪತ್ರ.

ನಾವಿಬ್ಬರೂ ಈ ಬರ್ಗರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಕಾಲ ನೆನಪಾಗುತ್ತಿದೆ. ಮೊದಲ ದಿನವೇ ಕಾದ ಎಣ್ಣೆ ನನ್ನ ಕೈಗೆ ಸಿಡಿದಾಗ ನಲ್ಲಿಯ ಬಳಿಗೆ ಎಳೆದೊಯ್ದು, "ಅಳ್ಬೇಡ ಕಣೇ, ಇಷ್ಟಕ್ಕೆಲ್ಲ ಆಲೂಗಡ್ಡೆನೂ ಅಳಲ್ಲ" ಎಂದು ನಗಿಸಿದ್ದಿರಿ. ಬಿಡುವಿನಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಒಂದೇ ಬನ್ನು ಹಂಚಿಕೊಂಡು ತಿನ್ನುವಾಗ, "ಈ ಅಂಗಡಿ ನಂದಾದ್ರೆ ಮೊದ್ಲು ಎಲ್ರ ಸಂಬಳ ಏರಿಸ್ತೀನಿ" ಎನ್ನುತ್ತಿದ್ದಿರಿ.

ಈಗ ಅಂಗಡಿ ನಿಮ್ಮದೇ. ಸಂಬಳ ಏರಿದರೆ ಇಬ್ಬರನ್ನು ಕೆಲಸದಿಂದ ಬಿಡಿಸಬೇಕಾಗುತ್ತದೆ ಎಂದು ನೀವು ಸಭೆಯಲ್ಲಿ ಹೇಳಿದ್ದು ಸುಳ್ಳಲ್ಲ, ಬಾಡಿಗೆಯ ಬಿಸಿ ನನಗೂ ಗೊತ್ತು. ಆದರೆ ಎರಡು ಕಡೆ ದುಡಿದರೂ ಹೊಟ್ಟೆಬಟ್ಟೆಗೆ ಸಾಲುತ್ತಿಲ್ಲ ಎಂದು ನಾನೂ ಹೇಳಲೇಬೇಕಾಯಿತು. ನಾನು ಮಾತಾಡುತ್ತಿದ್ದಾಗಲೇ ನಿಮ್ಮ ಮುಂದಿದ್ದ ನೀರಿನ ಲೋಟವನ್ನು ನನ್ನತ್ತ ಸರಿಸಿದವರು ನೀವೇ. ಮೆಟ್ಟಿಲ ಮೇಲಿನ ಆ ಮಾತನ್ನು ನಾನು ಎತ್ತಲಿಲ್ಲ.

ನಾಳೆ ಎಂದಿನಂತೆ ಬೆಳಗಿನ ಪಾಳಿಗೆ ಬರುತ್ತೇನೆ. ನಾನು ಬೇಡವೆನಿಸಿದರೆ ನೀವೇ ಬಾಗಿಲಲ್ಲಿ ನಿಂತು ಹೇಳಿಬಿಡಿ. ಬೇರೆಯವರ ಬಾಯಿಂದ ಕೇಳಿಸಿಕೊಳ್ಳಲಾರೆ.

ಇಂತಿ,
ನೀವು ಕೆಲಸ ಕಲಿಸಿದ ತಂಗಿ